ನನ್ನ ಹೆಂಡತಿಯನ್ನು ಬಿಟ್ಟುಕೊಟ್ಟ ಎಲ್ಯಾಕಿಮ್ ಮಾಜೆ

ಎಲ್ಯಾಕಿಮ್ ಮಾಜೆಗೆ ಎಪ್ಪತ್ತು ತುಂಬಿತೆಂದು ಯೂರೋಪಿನಲ್ಲಿ ನಾವು ಬಿಟ್ಟುಬಂದ ಕೋಬ್ರಿನ್ ಊರಿನವರ ಸಂಘ ಅಭಿನಂದನ ಗ್ರಂಥ ತರುತ್ತಿದೆ. “ಝೆಲಿಗ್, ಅವರ ಜೊತೆ ಒಂದೇ ಬೀದಿಯಲ್ಲಿ ಬೆಳೆದವನು ಈಗ ನೀನೊಬ್ಬನೇ ಉಳಿದಿರೋದು. ನಾಲ್ಕು ಪುಟ ಬರೆದುಕೊಡಪ್ಪ” ಎಂದು ಸಂಘದ ಕಾರ್ಯದರ್ಶಿ ಅಂಗಡಿಗೇ ಬಂದು ಕೇಳಿದ. ಬಂದವನು ಒಂದು ಟೋಪಿಯನ್ನೂ ಕೊಳ್ಳಲಿಲ್ಲ. ಗ್ರಂಥಕ್ಕೆ ಮಂತ್ರಿಗಳು ಬರೆಯುತ್ತಾರಂತೆ, ಪ್ರಾಧ್ಯಾಪಕರು ಬರೆಯುತ್ತಾರಂತೆ. ಜೆರುಸಲೇಮಿನ ಯಾಫಾ ರಸ್ತೆಯಲ್ಲಿ ಟೋಪಿ ಮಾರಿಕೊಂಡು ಮುದುಕನಾದ ನಾನು ಏನು ಬರೆಯಬೇಕು? ಅವನು ದೊಡ್ಡವನು ಎಂದು ಬರೆಯಬೇಕು. ಬರೆಯುತ್ತೇನೆ. ಆದರೆ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ: ಅವನನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಇದನ್ನು ಮುಚ್ಚಿಟ್ಟು ಬರೆದರೆ ಅಕ್ಷರ ಅಕ್ಷರದಲ್ಲೂ ಹೊಗೆ ಬರುತ್ತದೆ. ಕಾರ್ಯದರ್ಶಿಗೆ ಬೇಡವೆನಿಸಿದರೆ ಹರಿದು ಹಾಕಲಿ.

ಹುಟ್ಟಿದಾಗಿನಿಂದಲೇ ಅವನು ನನಗಿಂತ ಒಂದು ಮೆಟ್ಟಿಲು ಮೇಲೆ. ಅವನು ಕೋಹೆನ್, ಹಳೆಯ ದೇಗುಲದ ಪುರೋಹಿತರ ಕುಲ. ಅದು ಅಪ್ಪನಿಂದ ಮಗನಿಗೆ ಬರುವಂಥದ್ದು. ಓದಿ ಗಳಿಸಲಾಗದು, ದುಡಿದು ಕೊಳ್ಳಲಾಗದು. ಮಾಜೆ ಎಂಬ ಮನೆತನದ ಹೆಸರನ್ನು ಬಿಡಿಸಿದರೆ ‘ಪುರೋಹಿತ ಆರೋನನ ಬೀಜದವನು’ ಎಂದೇ ಅರ್ಥ. ಪ್ರಾರ್ಥನಾಲಯದಲ್ಲಿ ಧರ್ಮಗ್ರಂಥದ ಸುರುಳಿ ಬಿಚ್ಚಿದಾಗ ಓದಲು ಮೊದಲು ಕರೆಯುವುದು ಕೋಹೆನನನ್ನು. ನಮ್ಮಂಥ ಸಾಮಾನ್ಯರು ಆಮೇಲೆ. ಹದಿಮೂರು ತುಂಬಿ ಮೊದಲ ಸಲ ಓದಬೇಕಾದ ಶನಿವಾರ ನಾನು ಹೊಸ ಅಂಗಿ ತೊಟ್ಟು ನನ್ನ ಸರದಿಗೆ ಕಾಯುತ್ತಿದ್ದರೆ ಅದೇ ವಾರ ಹದಿಮೂರು ತುಂಬಿದ ಅವನು ನನಗಿಂತ ಮೊದಲು ವೇದಿಕೆ ಹತ್ತಿ, ನನಗಿಂತ ಚೆನ್ನಾಗಿ ಓದಿ ಇಳಿದಿದ್ದ. ನಮ್ಮಮ್ಮನೇ ಮೇಲಿನ ಹೆಂಗಸರ ಜಗುಲಿಯಿಂದ ಕಣ್ಣೊರೆಸಿಕೊಂಡು “ಎಂಥಾ ಹುಡುಗ!” ಎಂದಳಂತೆ. ನನ್ನ ಬಗ್ಗೆ ಏನಂದಳೆಂದು ಯಾರೂ ನನಗೆ ಹೇಳಲಿಲ್ಲ.

ಬಲಪಂಥದ ಯುವಕರ ದಳಕ್ಕೆ ಇಬ್ಬರೂ ಒಟ್ಟಿಗೆ ಸೇರಿದೆವು. ಕಂದು ಅಂಗಿ ಇಬ್ಬರಿಗೂ ಇತ್ತು. ಅವನು ಮೇಜಿನ ಮೇಲೆ ನಿಂತು ಭಾಷಣ ಮಾಡುವುದು, ನಾನು ಮೇಜು ಅಲ್ಲಾಡದಂತೆ ಹಿಡಿದುಕೊಳ್ಳುವುದು. “ಯೂರೋಪು ನಮ್ಮ ಮನೆ ಅಲ್ಲ, ಛತ್ರ. ಛತ್ರದ ಯಜಮಾನ ಬಾಗಿಲು ತೋರಿಸೋ ಮುಂಚೆ ಎದ್ದು ಹೊರಡೋಣ” ಎಂದು ಅವನು ಕೂಗಿದಾಗ ಮುದುಕರು ನಕ್ಕರು. ನಾನು ನಂಬಿದೆ. ನಂಬಿದ್ದಕ್ಕೇ ಇವತ್ತು ಬದುಕಿದ್ದೇನೆ, ಆ ಋಣ ಅವನ ಹೆಸರಿನಲ್ಲೇ ಇರಲಿ. ಕಳ್ಳ ಹಡಗಿನಲ್ಲಿ ಬ್ರಿಟಿಷರ ಕಣ್ಣು ತಪ್ಪಿಸಿ ಬಂದು ದಡ ಹತ್ತಿದೆವು. ನಕ್ಕವರೆಲ್ಲ ಜರ್ಮನರ ಕೈಗೆ ಸಿಕ್ಕಿ ಕೋಬ್ರಿನ್‌ನ ಆಚೆಯ ಗುಂಡಿಗಳಲ್ಲಿ ಮಣ್ಣಾದರು.

ಜೆರುಸಲೇಮಿನಲ್ಲಿ ನಾನು ಟೋಪಿ ಅಂಗಡಿ ಹಾಕಿದೆ. ಅವನು ಶಾಲೆಯೊಂದರಲ್ಲಿ ಬೈಬಲ್ ಪಾಠ ಹೇಳಿಕೊಂಡು ‘ಮಿಶ್ಮೇರೆತ್’, ಅಂದರೆ ‘ಕಾವಲು’, ಎಂಬ ನಾಲ್ಕು ಹಾಳೆಯ ವಾರಪತ್ರಿಕೆಗೆ ಅಂಕಣ ಬರೆಯತೊಡಗಿದ. ಆಗ ದೇಶದ ತುಂಬ ಕೆಂಬಾವುಟದವರದೇ ದರ್ಬಾರು. ಹೊಸ ಮನುಷ್ಯನನ್ನು ಮಾಡುತ್ತೇವೆ, ಹಳೆಯದನ್ನೆಲ್ಲ ಗುಡಿಸಿ ಹಾಕುತ್ತೇವೆ ಎನ್ನುವವರು. ಇವನು ಬರೆದ: ‘ಹೊಸ ಮನುಷ್ಯ ಬೇಡ, ಹಳೆಯವನೇ ಸಾಕು. ಅವನಿಗೊಂದು ಬಾಗಿಲು, ಒಂದು ಬೀಗ, ಕಾಯಲು ಒಂದು ಬಂದೂಕು ಕೊಡಿ. ಜನಾಂಗವೆಂಬುದು ಬಾಡಿಗೆ ಮನೆಯಲ್ಲ, ಇಷ್ಟ ಬಂದಂತೆ ಗೋಡೆ ಒಡೆಯಲು. ಅಜ್ಜಂದಿರು ಬಿಟ್ಟುಹೋದ ಮನೆ. ಸುಣ್ಣ ಬಳಿಯುವ ಹಕ್ಕು ನಮ್ಮದು, ಗೋಡೆ ಒಡೆಯುವ ಹಕ್ಕು ನಮ್ಮದಲ್ಲ.’ ಓದಿದವರು ಬೆರಳೆಣಿಕೆಯ ಜನ. ಆದರೆ ಓದಿದವರು ಮರೆಯಲಿಲ್ಲ. “ಝೆಲಿಗ್ ಟೋಪಿ ಮಾರ್ತಾನೆ, ಎಲ್ಯಾಕಿಮ್ ಟೋಪಿ ಹಾಕ್ತಾನೆ” ಎಂದು ಕೆಂಬಾವುಟದವರು ನಗುತ್ತಿದ್ದರು. ನಾನೂ ಅವರ ಜೊತೆ ನಗುತ್ತಿದ್ದೆ, ಅಂಗಡಿಯ ಒಳಗೆ.

ನಮ್ಮ ಊರಿನವರ ಪುಟ್ಟ ಪ್ರಾರ್ಥನಾಲಯಕ್ಕೆ ಅವನೊಬ್ಬನೇ ಕೋಹೆನ್. ಕೋಬ್ರಿನ್‌ನಲ್ಲಿ ಕೋಹೆನನ ಆಶೀರ್ವಾದ ಹಬ್ಬಕ್ಕೆ ಮಾತ್ರ ಇರುತ್ತಿತ್ತು. ಜೆರುಸಲೇಮಿನಲ್ಲಿ ದಿನಾ ಬೆಳಿಗ್ಗೆ ಕೋಹೆನ್ ಎದುರು ನಿಂತು, ಶಾಲು ತಲೆತುಂಬ ಹೊದ್ದು, ಕೈಬೆರಳು ಬಿಡಿಸಿ ಜನರನ್ನು ಆಶೀರ್ವದಿಸಬೇಕು. ‘ಪ್ರೀತಿಯಿಂದ’ ಆಶೀರ್ವದಿಸಬೇಕೆಂದು ಮಂತ್ರದಲ್ಲೇ ಇದೆ. ನಾವು ತಲೆ ತಗ್ಗಿಸಿ ನಿಲ್ಲಬೇಕು. ನೋಡಿದರೆ ಕಣ್ಣು ಮಂಜಾಗುತ್ತದೆ ಎನ್ನುತ್ತಾರೆ. ಅಂದರೆ ದಿನ ಬೆಳಗಾದರೆ ಎಲ್ಯಾಕಿಮ್ ಮಾಜೆ ನನ್ನನ್ನು ಪ್ರೀತಿಯಿಂದ ಆಶೀರ್ವದಿಸುವುದು, ನಾನು ತಗ್ಗಿಸಿದ ತಲೆಯಲ್ಲಿ ಸ್ವೀಕರಿಸುವುದು. ಹೊಟ್ಟೆ ಉರಿಯುವವನಿಗೆ ಇದಕ್ಕಿಂತ ದೊಡ್ಡ ಶಿಕ್ಷೆಯನ್ನು ದೇವರೂ ಯೋಚಿಸಲಾರ.

ಇಷ್ಟೇ ಆಗಿದ್ದರೆ ಇದನ್ನು ಬರೆಯುತ್ತಿರಲಿಲ್ಲ. ಹೆನ್ಯಾ ಬಂದಳು.

ಹೆನ್ಯಾ ಔಷಧಿ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದವಳು. ಹೈಫಾದಲ್ಲಿ ಒಬ್ಬನನ್ನು ಕಟ್ಟಿಕೊಂಡು, ಅವನ ಕುಡಿತ ತಡೆಯಲಾರದೆ ಶಾಸ್ತ್ರಪ್ರಕಾರ ಬಿಡುಗಡೆ ಪತ್ರ ಪಡೆದು ಜೆರುಸಲೇಮಿಗೆ ಬಂದಿದ್ದಳು. ನಾಲಗೆ ಅಂದರೆ ನಾಲಗೆ ಅವಳದು. ನನ್ನ ಅಂಗಡಿಗೆ ತಂದೆಯ ಟೋಪಿ ರಿಪೇರಿಗೆ ತಂದವಳು “ಈ ಟೋಪಿಗಳಿಗೆಲ್ಲ ತಲೆ ಬೇರೆ ಕೊಡ್ತೀರಾ, ನಾವೇ ತರಬೇಕಾ?” ಎಂದಳು. ಆ ಕ್ಷಣಕ್ಕೆ ನಾನು ಬಿದ್ದೆ. ಏಳುವಷ್ಟರಲ್ಲಿ ಎಲ್ಯಾಕಿಮ್ ಹೊಸ ವರ್ಷದ ಟೋಪಿಗೆಂದು ಒಳಗೆ ಬಂದ. ಇಬ್ಬರೂ ‘ಕಾವಲು’ ಪತ್ರಿಕೆಯ ಬಗ್ಗೆ ಜಗಳ ತೆಗೆದು, ಜಗಳ ಮುಗಿಸಲು ರಸ್ತೆಯಲ್ಲಿ ನಡೆದು ಹೋದರು. ಟೋಪಿಗಳೆರಡೂ ನನ್ನ ಮೇಜಿನ ಮೇಲೇ ಉಳಿದವು.

ವರ್ಷ ತುಂಬುವಷ್ಟರಲ್ಲಿ ಅವರು ಮದುವೆಗೆ ಹೆಸರು ಬರೆಸಲು ಹೋದರು. ಹೋದವರು ಸುಣ್ಣದಂತೆ ಬಿಳಚಿಕೊಂಡು ಬಂದರು. ಕೋಹೆನ್ ಆದವನು ಗಂಡನನ್ನು ಬಿಟ್ಟುಬಂದ ಹೆಂಗಸನ್ನು ಮದುವೆಯಾಗುವಂತಿಲ್ಲ. ಅದು ಎಲ್ಯಾಕಿಮ್‌ಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಹೆನ್ಯಾಗೂ ಗೊತ್ತಿತ್ತು. ಪ್ರೀತಿ ಕಣ್ಣಿಗೆ ಬಟ್ಟೆ ಕಟ್ಟುತ್ತದೆ ಎನ್ನುತ್ತಾರೆ. ಕಟ್ಟಿದರೂ ಗೋಡೆ ತಲೆಗೆ ತಗುಲುತ್ತದೆ. ವಿವಾಹ ಕಚೇರಿಯ ಗುಮಾಸ್ತನೇ ಗುಟ್ಟಾಗಿ ಹೇಳಿದನಂತೆ: ಎಲ್ಯಾಕಿಮ್‌ನ ಅಪ್ಪನ ಕಡೆಯ ಅಜ್ಜಿ ಅವನ ಅಜ್ಜನನ್ನು ಕಟ್ಟಿಕೊಳ್ಳುವ ಮೊದಲೇ ಒಬ್ಬನನ್ನು ಬಿಟ್ಟವಳಾಗಿದ್ದರೆ ಆ ಮನೆತನದ ಕೋಹೆನ್‌ತನ ಅಲ್ಲಿಗೇ ಮುರಿದುಹೋಗಿರುತ್ತದೆ, ಮೊಮ್ಮಗ ನಮ್ಮಂತೆ ಸಾಮಾನ್ಯ, ಯಾರನ್ನು ಬೇಕಾದರೂ ಕಟ್ಟಿಕೊಳ್ಳಬಹುದು. ಊರಿನ ದಾಖಲೆಯೆಲ್ಲ ಸುಟ್ಟಿದೆ, ಊರಿನ ಜನವೆಲ್ಲ ಹೋಗಿದ್ದಾರೆ. ಉಳಿದ ಊರವರು ಇಬ್ಬರು ಬಂದು ಸಾಕ್ಷಿ ಹೇಳಿದರೆ ನ್ಯಾಯಪೀಠ ನಂಬುತ್ತದೆ.

ಹೆನ್ಯಾ ನೇರ ನನ್ನ ಅಂಗಡಿಗೆ ಬಂದಳು.

“ಝೆಲಿಗ್, ಎಲ್ಯಾಕಿಮ್‌ನ ಅಜ್ಜಿ ಹೆಸರೇನು?”

“ಗಿತ್ಲ್.”

“ಗಿತ್ಲ್ ಅಜ್ಜಿಗೆ ಮೊದಲು ಬ್ರಿಸ್ಕ್‌ನಲ್ಲಿ ಒಂದು ಮದುವೆ ಆಗಿತ್ತು. ಗಂಡನ್ನ ಬಿಟ್ಟಿದ್ದಳು. ನಿಮ್ಮ ಊರಿಗೆಲ್ಲ ಗೊತ್ತಿತ್ತು.”

“ಹಾಗೇನಿಲ್ಲವಲ್ಲ.”

“ಈಗಿದೆ.”

ಅವಳು ನನ್ನ ಮುಖ ನೋಡಿದಳು. ನನ್ನ ಮುಖದಲ್ಲಿ ಏನಿದೆಯೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು, ಗೊತ್ತಿದ್ದೇ ಬಂದಿದ್ದಳು. ಅವಳು ಇನ್ನೊಬ್ಬನನ್ನು ಕಟ್ಟಿಕೊಳ್ಳಲು ನಾನು ಸುಳ್ಳು ಹೇಳಬೇಕು. ಹ್ಞೂಂ ಎಂದೆ. ಇದನ್ನು ತಪ್ಪೊಪ್ಪಿಗೆ ಎಂದು ಯಾರೂ ಓದಬಾರದು, ಅದು ನನ್ನ ಜೀವನದ ಅತ್ಯುತ್ತಮ ಕೆಲಸ. ಎರಡನೆಯ ಸಾಕ್ಷಿಗೆ ನನ್ನ ಚಿಕ್ಕಪ್ಪನ ಮಗ ಲೇಬಾನನ್ನು ಹಿಡಿದೆ. ಅವನು ಒಂದು ಮೊಲದ ಚರ್ಮದ ಟೋಪಿಗೆ ಪ್ರವಾದಿ ಮೋಶೆಯೇ ನಮ್ಮ ಊರವನು ಎನ್ನಲೂ ತಯಾರಿದ್ದ.

ನ್ಯಾಯಪೀಠದಲ್ಲಿ ಮೂವರು ಧರ್ಮಗುರುಗಳು. ನಾನು ಬ್ರಿಸ್ಕ್‌ನ ಗಂಡನಿಗೆ ಹೆಸರು ಕೊಟ್ಟೆ, ಕೆಲಸ ಕೊಟ್ಟೆ, ಕುಂಟುಗಾಲನ್ನೂ ಕೊಟ್ಟೆ. ಲೇಬಾ ಎಲ್ಲದಕ್ಕೂ ತಲೆಯಾಡಿಸಿದ. ನಡುವಿನ ಮುದುಕ ಗುರು ದಯಾಳು. ಅವನಿಗೂ ಈ ಮದುವೆ ಆಗಲಿ ಎಂದೇ ಇತ್ತೆಂದು ಈಗಲೂ ನನಗೆ ಖಾತ್ರಿ. ಅವನು ಎಲ್ಯಾಕಿಮ್ ಕಡೆ ತಿರುಗಿ “ಏನಪ್ಪಾ, ನೀನು ಚಿಕ್ಕವನಿದ್ದಾಗ ಇಂಥದ್ದೇನಾದರೂ ಕಿವಿಗೆ ಬಿದ್ದಿತ್ತೇ? ನೆನಪಿಲ್ಲದಿದ್ದರೂ ಪರವಾಗಿಲ್ಲ” ಎಂದ. ಸುಮ್ಮನಿದ್ದಿದ್ದರೆ ಸಾಕಿತ್ತು. ಮಾತು ಬೆಳ್ಳಿ, ಮೌನ ಬಂಗಾರ ಎನ್ನುವುದು ಆ ಕ್ಷಣಕ್ಕೇ ಹುಟ್ಟಿದ ಗಾದೆ. ಹೆನ್ಯಾ ಬಾಗಿಲ ಬಳಿ ನಿಂತಿದ್ದಳು.

ಎಲ್ಯಾಕಿಮ್ ಟೋಪಿ ಸರಿಮಾಡಿಕೊಂಡು ಎದ್ದ. “ಗುರುಗಳೇ, ನಮ್ಮಜ್ಜಿ ಗಿತ್ಲ್ ಒಬ್ಬನನ್ನೇ ಕಟ್ಟಿಕೊಂಡವಳು. ಝೆಲಿಗ್ ನನ್ನ ಸ್ನೇಹಿತ, ಸ್ನೇಹಕ್ಕೆ ಹೇಳ್ತಿದ್ದಾನೆ. ಅಜ್ಜಿಯನ್ನ ಅವರು ಗುಂಡಿ ಹತ್ರ ನಿಲ್ಲಿಸಿ ಹೊಡೆದರು. ಗೋರಿ ಇಲ್ಲ, ಕಲ್ಲಿಲ್ಲ. ಉಳಿದಿರೋದು ಹೆಸರೊಂದೇ. ಅದನ್ನ ನನ್ನ ಮದುವೆಗೆ ಖರ್ಚು ಮಾಡಲಾರೆ” ಎಂದ.

ಲೇಬಾ ಅಳತೊಡಗಿದ. ಮುದುಕ ಗುರು ಕಣ್ಣು ಮುಚ್ಚಿಕೊಂಡ. ಹೆನ್ಯಾ ಬಾಗಿಲು ತೆರೆದು ಹೊರಟುಹೋದಳು. ನನಗೆ ಏನನ್ನಿಸಿತು ಗೊತ್ತೇ? ಸಂತೋಷ ಆಗಬೇಕಿತ್ತು, ದಾರಿ ತೆರೆಯಿತಲ್ಲ. ಆಗಿದ್ದು ಹೊಟ್ಟೆಕಿಚ್ಚು. ನಾನು ಅವಳಿಗಾಗಿ ಸುಳ್ಳುಗಾರನಾಗಿದ್ದೆ, ಅದು ಸಣ್ಣದೇನಲ್ಲ. ಅವನು ಒಂದು ನಿಜ ಹೇಳಿ ನನ್ನ ಇಡೀ ಸುಳ್ಳನ್ನು ಚಿಲ್ಲರೆ ಮಾಡಿಬಿಟ್ಟ.

ಮರುದಿನ ಹೆನ್ಯಾ ಅಂಗಡಿಗೆ ಬಂದು ಗಿರಾಕಿಗಳ ಕುರ್ಚಿಯಲ್ಲಿ ಕೂತಳು. ಕಣ್ಣು ಊದಿತ್ತು.

“ನಿನಗೆ ಅಜ್ಜಿ ಇದ್ದಳಾ?”

“ಇದ್ದಳು. ಅವಳೂ ಅದೇ ಗುಂಡೀಲಿ.”

“ನನಗೋಸ್ಕರ ಅವಳ ಮೇಲೆ ಸುಳ್ಳು ಹೇಳ್ತೀಯಾ?”

“ಅವಳಿಗೆ ಮೂವರು ಗಂಡಂದಿರು. ಇನ್ನೂ ಬೇಕಾ?”

ಅವಳು ನಗತೊಡಗಿದಳು. ನಗು ಅಳುವಾಯಿತು, ಮತ್ತೆ ನಗುವಾಯಿತು. ಆ ಚಳಿಗಾಲ ಮುಗಿಯುವ ಮೊದಲು ನಮ್ಮ ಮದುವೆಯಾಯಿತು. ನಾನು ಕೋಹೆನ್ ಅಲ್ಲವಲ್ಲ, ನನ್ನನ್ನು ಯಾವ ಶಾಸ್ತ್ರವೂ ತಡೆಯಲಿಲ್ಲ. ಎಲ್ಯಾಕಿಮ್ ಮದುವೆಗೆ ಬಂದ, ಕುಣಿದ, ಬೆಳ್ಳಿಯ ಲೋಟವೊಂದನ್ನು ಉಡುಗೊರೆ ಕೊಟ್ಟ. ಜನ ಅವನನ್ನು ನೋಡುತ್ತಿದ್ದರೇ ಹೊರತು ಮದುಮಗನನ್ನಲ್ಲ. “ಎಂಥಾ ಮನುಷ್ಯ ನೋಡಿ!” ಎಂದು ನನ್ನ ಮದುವೆಯಲ್ಲಿ ನನ್ನ ಕಿವಿಗೇ ಬಿತ್ತು.

ಅಲ್ಲಿಂದ ಅವನ ಹೆಸರು ಬೆಳೆಯಿತು. ಜರ್ಮನಿಯಿಂದ ಪರಿಹಾರದ ಹಣ ತೆಗೆದುಕೊಳ್ಳಬಾರದೆಂದು ಸಾವಿರಾರು ಜನ ಸಂಸತ್ತಿನ ಎದುರು ಸೇರಿದಾಗ ಅವನು ಮುಂದಿನ ಸಾಲಿನಲ್ಲಿದ್ದ. ಕಲ್ಲು ಹಾರಿದವು, ಹೊಗೆ ಬಾಂಬು ಬಿದ್ದವು, ಅವನನ್ನು ಎಳೆದುಕೊಂಡು ಹೋದರು. ನಾನೂ ಹೋಗಿದ್ದೆ, ಹಿಂದಿನ ಸಾಲಿಗೆ. ನನ್ನನ್ನು ಯಾರೂ ಎಳೆಯಲಿಲ್ಲ. ಹೆನ್ಯಾ ಪೊಲೀಸು ಠಾಣೆಗೆ ಬಾರ್ಲಿ ಗಂಜಿ ಮಾಡಿ ಒಯ್ದಳು. ಪಾತ್ರೆ ಹೊತ್ತವನು ನಾನು. ಬಿಸಿ ಗಂಜಿ ತುಳುಕಿ ನನ್ನ ಕೈ ಸುಟ್ಟರೆ ಅವಳು “ಚೆಲ್ಲಬೇಡ್ವೋ, ಅವನಿಗೆ ಸಾಲಲ್ಲ” ಎಂದಳು. ಅವನ ಶಾಲೆಯ ಕೆಲಸ ಹೋಯಿತು. ಅದಕ್ಕೆ ಅವನು ಅತ್ತವನಲ್ಲ. ಖಾಸಗಿ ಪಾಠ ಹೇಳಿಕೊಂಡು, ಕಪ್ಪು ಬ್ರೆಡ್ಡು ಆಲಿವ್ ತಿಂದುಕೊಂಡು, ಆರು ವರ್ಷ ತಿದ್ದಿ ತೀಡಿ ಒಂದು ಪುಸ್ತಕ ಬರೆದ. ಮೊದಲ ಪ್ರತಿಯನ್ನು ನಮ್ಮ ಮನೆಗೆ ತಂದುಕೊಟ್ಟ. ನಮಗೆ ಮಕ್ಕಳಾಗಲಿಲ್ಲ. ಆ ಪುಸ್ತಕವನ್ನು ಹೆನ್ಯಾ ಎರಡೂ ಕೈಯಲ್ಲಿ ತೆಗೆದುಕೊಂಡ ರೀತಿ ನೋಡಿ ನಾನು ಅಡುಗೆಮನೆಗೆ ಹೋಗಿ ನಲ್ಲಿ ತಿರುಗಿಸಿ ನಿಂತೆ.

ಅವನು ಮದುವೆಯಾಗಲಿಲ್ಲ. ಕೆಂಬಾವುಟದವರಿಗೆ ಅದು ಹಬ್ಬ: “ಸಂಸಾರವೇ ದೇಶದ ಬುನಾದಿ ಅಂತ ಬರೆಯೋನು ಹೋಟೆಲಲ್ಲಿ ಊಟ ಮಾಡ್ತಾನೆ!” ನನಗೆ ಮಾತ್ರ ಅದು ಹಬ್ಬವಲ್ಲ. ಅವನೊಬ್ಬಳನ್ನು ಕಟ್ಟಿಕೊಂಡು ನಾಲ್ಕು ಮಕ್ಕಳಾಗಿ ಬೊಜ್ಜು ಬಂದಿದ್ದರೆ ನಾನು ನೆಮ್ಮದಿಯಾಗಿ ನಿದ್ದೆ ಮಾಡುತ್ತಿದ್ದೆ.

ವರ್ಷಕ್ಕೊಮ್ಮೆ, ಹೊಸ ವರ್ಷದ ಹಿಂದಿನ ವಾರ, ಟೋಪಿ ಕೊಳ್ಳಲು ಬರುತ್ತಿದ್ದ. ಹೆನ್ಯಾ ಗಲ್ಲಾದಲ್ಲಿ ಕೂತಿರುತ್ತಿದ್ದಳು. ಅವನ ತಲೆಯೂ ನನ್ನ ತಲೆಯೂ ಒಂದೇ ಅಳತೆ. “ಹೊರಗಿನಿಂದ” ಎಂದು ಹೆನ್ಯಾ ಸೇರಿಸುತ್ತಿದ್ದಳು. ಅವನು ಅವಳ ಮುಖ ನೋಡುತ್ತಿರಲಿಲ್ಲ. ಕನ್ನಡಿ ನೋಡಿಕೊಂಡೇ ಮಾತಾಡುತ್ತಿದ್ದ. ಬೇರೆಯವರ ಹೆಂಡತಿಯನ್ನು ನೋಡುವವನಿಗೆ ಎರಡು ಬಿಗಿಯಬಹುದು. ನೋಡದವನನ್ನು ಏನು ಮಾಡುವುದು?

ಅವಳು ಕೆಣಕುತ್ತಿದ್ದಳು. “ಏನ್ರೀ ಚಿಂತಕರೇ, ಅಜ್ಜನ ಮನೆ, ಗೋಡೆ ಒಡೀಬಾರದು ಅಂತ ಬರೀತೀರಲ್ಲ, ಆ ಮನೇಲಿ ಬೇರೆಯವರೂ ವಾಸ ಇದ್ದಾರಲ್ಲ, ಅವರಿಗೂ ಅಜ್ಜ ಇದ್ನಲ್ಲ, ಅದಕ್ಕೇನು ಬರೀತೀರಿ?”

“ಬರೀತೀನಿ” ಎಂದು ಅವನು ಕನ್ನಡಿಗೆ ಹೇಳುತ್ತಿದ್ದ. ಮುಂದಿನ ಶುಕ್ರವಾರದ ‘ಕಾವಲು’ ಬಂದರೆ ಅದರಲ್ಲಿ ಹೀಗೆ ಶುರು: ‘ಕೆಲವರು ಕೇಳುತ್ತಾರೆ, ಈ ಮನೆಯಲ್ಲಿ ಬೇರೆಯವರೂ ಇದ್ದಾರಲ್ಲವೇ ಎಂದು. ಕೇಳಬೇಕಾದ ಪ್ರಶ್ನೆಯೇ.’ ಕೆಳಗೆ ಎರಡು ಅಂಕಣ ಉತ್ತರ, ಕೊನೆಗೆ ‘ಈ ಉತ್ತರ ನನಗೇ ಸಾಲದು’ ಎಂಬ ಒಪ್ಪಿಗೆ. ಹೆನ್ಯಾ ಅದೇ ಸಂಜೆ ಶನಿವಾರದ ದೀಪ ಹಚ್ಚುವ ಮೊದಲು ಪೆನ್ಸಿಲ್ ಹಿಡಿದು ಓದಿ, “ಸಾಲದು, ಸಾಲದು” ಎಂದು ಅಂಚಿನಲ್ಲಿ ಗೀಚುತ್ತಿದ್ದಳು. ಮುಖ ಮಾತ್ರ ಅರಳಿರುತ್ತಿತ್ತು.

ನನಗೆ ಅರ್ಥವಾಗಲು ಕೆಲವು ವರ್ಷ ಹಿಡಿಯಿತು. ‘ಕೆಲವರು ಹೇಳುತ್ತಾರೆ’, ‘ಕೆಲವರಿಗೆ ಅನುಮಾನ’, ‘ಕೆಲವರು ನಗಬಹುದು’. ಪ್ರಾಧ್ಯಾಪಕರು ಆ ‘ಕೆಲವರು’ ಯಾರೆಂದು ಚರ್ಚೆ ಮಾಡಿದರು. ತೆಲ್ ಅವೀವ್‌ನ ಉದಾರವಾದಿಗಳು ಎಂದ ಒಬ್ಬ, ಸ್ವಂತ ಪಕ್ಷದ ಎಡಬದಿಯವರು ಎಂದ ಇನ್ನೊಬ್ಬ. ಆ ಕೆಲವರು ಗಲ್ಲಾದಲ್ಲಿ ಕೂತು ಸೂರ್ಯಕಾಂತಿ ಬೀಜ ಸುಲಿಯುತ್ತಿದ್ದರು. ಅವನ ವಾಕ್ಯದಲ್ಲಿ ನನ್ನ ಹೆಂಡತಿ ಬಹುವಚನವಾಗಿದ್ದಳು. ಕದ್ದು ಭೇಟಿಯಾಗಿದ್ದರೆ ಹಿಡಿಯಬಹುದಿತ್ತು. ವ್ಯಾಕರಣದೊಳಗೆ ಭೇಟಿಯಾಗುವವರನ್ನು ಯಾವ ಗಂಡ ಹಿಡಿಯುತ್ತಾನೆ?

“ನೀನು ಅವನನ್ನೇ ಓದ್ತೀಯ” ಎಂದು ಒಂದು ಶುಕ್ರವಾರ ನಾನು ಸಿಡಿದೆ.

“ನಿನ್ನನ್ನ ಯಾಕೆ ಓದಲಿ? ನೀನು ಎದುರಿಗೇ ಕೂತಿರ್ತೀಯಲ್ಲ” ಎಂದಳು. ಅದನ್ನು ಬೈಗುಳವೆಂದೇ ಲೆಕ್ಕಹಾಕಿ ಊಟ ಮಾಡದೆ ಎದ್ದೆ. ಅವಳು ಮೀನಿನ ತಟ್ಟೆಗೆ ಇನ್ನೊಂದು ತಟ್ಟೆ ಮುಚ್ಚಿಟ್ಟಳು.

ಅರುವತ್ತೇಳರ ಯುದ್ಧದ ಮೇಲೆ ಯುವಕರು ಅವನ ಹಳೆಯ ಪುಸ್ತಕ ಹುಡುಕಿಕೊಂಡು ಬಂದರು. ಎಪ್ಪತ್ತೇಳರಲ್ಲಿ ನಮ್ಮ ಪಕ್ಷ ಗೆದ್ದಿತು. ಮೂವತ್ತು ವರ್ಷ ಸೋತು ಸೋತು ಅಭ್ಯಾಸವಾದವರಿಗೆ ಗೆದ್ದಾಗ ಏನು ಮಾಡಬೇಕೆಂದು ತಿಳಿಯಲಿಲ್ಲ. ಅಪರಿಚಿತರು ರಸ್ತೆಯಲ್ಲಿ ತಬ್ಬಿಕೊಂಡರು. ಎಲ್ಯಾಕಿಮ್‌ನನ್ನು ಶಿಕ್ಷಣ ಸಲಹೆಗಾರನನ್ನಾಗಿ ಮಾಡಿದರು. ಕಾರು ಬಂತು, ಕಚೇರಿ ಬಂತು. ಅದೇ ಪಕ್ಷಕ್ಕೆ ಅಷ್ಟೇ ವರ್ಷ ಮತ ಹಾಕಿದ ನನಗೆ ಬಂದದ್ದು ಒಂದು ಕ್ಯಾಲೆಂಡರು. ಆಮೇಲೆ ಸಿನಾಯ್ ಮರಳುಗಾಡನ್ನು ಈಜಿಪ್ಟಿಗೆ ಬಿಟ್ಟುಕೊಡುವ ಒಪ್ಪಂದವಾದಾಗ ಅವನು ತನ್ನದೇ ಸರ್ಕಾರದ ಮೇಲೆ ಬರೆದು ರಾಜೀನಾಮೆ ಬಿಸಾಕಿ ಬಸ್ಸಿನಲ್ಲಿ ಮನೆಗೆ ಬಂದ. ಅವನು ಸರಿಯೋ ತಪ್ಪೋ, ನನಗೆ ಇವತ್ತಿಗೂ ಗೊತ್ತಿಲ್ಲ. ಹೆನ್ಯಾಗೆ ಗೊತ್ತಿತ್ತು. “ತಪ್ಪು, ಶುದ್ಧ ತಪ್ಪು. ಈಜಿಪ್ಟಿನ ತಾಯಂದಿರೂ ತಾಯಂದಿರೇ” ಎಂದು ಮೂರು ದಿನ ಗೊಣಗಿದಳು. ನಾಲ್ಕನೆಯ ದಿನ “ಆದರೂ ಕಾರು ಬಿಟ್ಟು ಬಸ್ ಹತ್ತೋಕೆ ಎದೆ ಬೇಕು” ಎಂದಳು. ಮೂರು ದಿನ ನಾನು ಎಷ್ಟು ಸುಖವಾಗಿದ್ದೆ!

ಕಳೆದ ವರ್ಷ ಅವಳಿಗೆ ಕಾಯಿಲೆ ಬಂತು. ಆಸ್ಪತ್ರೆ ಸೇರಿಸಿದೆವು. ಇಡೀ ಯಾಫಾ ರಸ್ತೆ ನೋಡಲು ಬಂತು, ಎಲ್ಯಾಕಿಮ್ ಬರಲಿಲ್ಲ. ಕೋಹೆನ್ ಹೆಣವಿರುವ ಸೂರಿನ ಕೆಳಗೆ ಹೋಗುವಂತಿಲ್ಲ, ಆಸ್ಪತ್ರೆಯಲ್ಲಿ ಯಾವಾಗಲೂ ಒಂದು ಹೆಣ ಇದ್ದೇ ಇರುತ್ತದೆ. ದಿನಾ ಸಂಜೆ ಗೇಟಿನ ಎದುರು ರಸ್ತೆಯಾಚೆ ನಿಂತಿರುತ್ತಿದ್ದ. ನಾನು ಕಿಟಕಿಯಿಂದ ನೋಡಿ ಪರದೆ ಎಳೆಯುತ್ತಿದ್ದೆ.

“ಅವನು ಹೊರಗಿದ್ದಾನಾ?” ಎಂದಳು ಒಂದು ಸಂಜೆ.

“ಇದ್ದಾನೆ. ಮೈಲಿಗೆ ಆಗತ್ತಂತೆ.”

“ಅವನಿಗೆ ಎಲ್ಲಿ ಹೋದರೂ ಒಂದು ಗೋಡೆ ಸಿಗತ್ತೆ” ಎಂದು ನಕ್ಕಳು. ಆಮೇಲೆ ನನ್ನ ಕೈ ಹುಡುಕಿ ಹಿಡಿದುಕೊಂಡಳು. “ನೀನು ಪೆದ್ದ ಕಣೋ ಝೆಲಿಗ್.”

ಯಾಕೆ ಪೆದ್ದ ಎಂದು ಕೇಳಿದೆ. ಹೇಳಲು ಅವಳಿಗೆ ಉಸಿರಿರಲಿಲ್ಲ.

ಗಿವಾತ್ ಶಾಊಲ್ ಗುಡ್ಡದ ಮೇಲೆ ಗಾಳಿ ಕೊಯ್ಯುತ್ತಿತ್ತು. ಹೆಣ ಹೊರುವ ಸಂಘದವರು ಅವಳನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ತಂದಿದ್ದರು. ಎಷ್ಟು ಚಿಕ್ಕವಳಾಗಿದ್ದಳು! ಎಲ್ಯಾಕಿಮ್ ಸ್ಮಶಾನದ ಗೋಡೆಯಾಚೆ ರಸ್ತೆಯಲ್ಲಿ ನಿಂತಿದ್ದ. ನಿಜ ಹೇಳುತ್ತೇನೆ, ಅಷ್ಟು ದುಃಖದಲ್ಲೂ ನನಗೊಂದು ಸಮಾಧಾನ ಹುಟ್ಟಿತು. ಅಪ್ಪ ಅಮ್ಮ, ಒಡಹುಟ್ಟಿದವರು, ಮಕ್ಕಳು, ಹೆಂಡತಿ, ಇಷ್ಟು ಜನರ ಹೆಣಕ್ಕೆ ಮಾತ್ರ ಕೋಹೆನ್ ಮೈಲಿಗೆ ಮಾಡಿಕೊಳ್ಳಬಹುದು. ಸ್ನೇಹಿತನ ಹೆಂಡತಿ ಆ ಪಟ್ಟಿಯಲ್ಲಿಲ್ಲ. ಒಂದು ಜಾಗದಲ್ಲಾದರೂ ನಾನು ಒಳಗೆ, ಅವನು ಹೊರಗೆ. ಒಂದು ಜಾಗದಲ್ಲಾದರೂ ಅವಳು ಯಾರ ಹೆಂಡತಿಯೆಂದು ಗೋಡೆಯೇ ಹೇಳುತ್ತಿತ್ತು.

ಮಣ್ಣು ಹಾಕಲು ಶುರುಮಾಡಿದೆವು. ಗುದ್ದಲಿಯನ್ನು ಕೈಯಿಂದ ಕೈಗೆ ಕೊಡಬಾರದು, ನೆಲದ ಮೇಲೆ ಬಿಡಬೇಕು, ಮುಂದಿನವನು ಎತ್ತಿಕೊಳ್ಳಬೇಕು. ನಾನು ಬಿಟ್ಟೆ. ಎತ್ತಿಕೊಂಡ ಕೈ ನೋಡಿ ತಲೆ ಎತ್ತಿದರೆ ಎಲ್ಯಾಕಿಮ್. ಗೇಟು ದಾಟಿ, ಗೋರಿಗಳ ನಡುವೆ ನಡೆದು ಬಂದಿದ್ದ. ಸಂಘದವರು ಬಾಯಿ ತೆರೆದುಕೊಂಡು ನಿಂತರು. ದೇಶಕ್ಕೆಲ್ಲ ಸಂಪ್ರದಾಯ ಬೋಧಿಸಿದ ಎಲ್ಯಾಕಿಮ್ ಮಾಜೆ ಹಾಡಹಗಲು ಸ್ಮಶಾನದಲ್ಲಿ!

ನನಗೆ ಮೈಯೆಲ್ಲ ಉರಿ. “ಆ ಕಡೆ ಹೋಗೋ! ನೀನು ಕೋಹೆನ್! ಬರೋ ಹಾಗಿಲ್ಲ ನೀನು! ಅವಳು ನನ್ನ ಹೆಂಡತಿ ಕಣೋ, ನಿನ್ನ ಹೆಂಡತಿ ಅಲ್ಲ!”

ಅವನು ಮಣ್ಣು ಹಾಕುವುದನ್ನು ನಿಲ್ಲಿಸಲಿಲ್ಲ. “ನಾನು ಕೋಹೆನ್ ಅಲ್ಲ ಅಂತ ನೀನೇ ಅಲ್ವಾ ಸಾಕ್ಷಿ ಹೇಳಿದ್ದು?” ಎಂದ. ದನಿ ಮೆಲ್ಲಗಿತ್ತು. “ಇವತ್ತು ನಿನ್ನ ಮಾತು ಒಪ್ಪಿಕೊಂಡೆ. ಅಜ್ಜಿ ಹತ್ರ ನಾನು ಮಾತಾಡ್ಕೋತೀನಿ.”

ನನ್ನ ಸುಳ್ಳು, ನನ್ನ ಜೀವನದ ಅತ್ಯುತ್ತಮ ಕೆಲಸ, ಅದನ್ನೂ ಅವನೇ ತೆಗೆದುಕೊಂಡುಬಿಟ್ಟ. ಅವನು ಗುದ್ದಲಿ ನೆಲಕ್ಕೆ ಬಿಟ್ಟ. ಕೊನೆಯಲ್ಲಿ ಜನ ಎರಡು ಸಾಲಾಗಿ ನಿಂತು ನಡುವೆ ನಡೆದ ನನಗೆ ಸಾಂತ್ವನದ ಮಾತು ಹೇಳಿದರು. ಅವನು ಸಾಲಿನಲ್ಲಿ ನಿಲ್ಲಲಿಲ್ಲ.

ಬೇಕೆಂದೇ ಮೈಲಿಗೆಯಾದ ಕೋಹೆನ್ ಆಶೀರ್ವಾದಕ್ಕೆ ನಿಲ್ಲುವಂತಿಲ್ಲ. ತಪ್ಪಾಯಿತು, ಇನ್ನು ಮಾಡುವುದಿಲ್ಲ ಎಂದು ಒಪ್ಪಿಕೊಂಡರೆ ಮುಗಿಯಿತು, ಅವನು ಒಪ್ಪಲಿಲ್ಲ. “ತಪ್ಪು ಅಂತ ಹೇಳೋಕೆ ಆಗಲ್ಲ” ಎಂದನಂತೆ ನಮ್ಮ ಪ್ರಾರ್ಥನಾಲಯದ ಮೇಲ್ವಿಚಾರಕ ಪೆಸಾಖ್‌ಗೆ. ಈಗ ಸುರುಳಿ ಹೊರತೆಗೆಯುವ ಹೊತ್ತಿಗೆ ಎದ್ದು ಓಣಿಗೆ ಹೋಗಿ ನಿಲ್ಲುತ್ತಾನೆ, ಯಾರೂ ತನ್ನನ್ನು ಕರೆಯಬೇಕಾದ ಇಕ್ಕಟ್ಟು ಬರದಿರಲಿ ಎಂದು. ‘ಕಾವಲು’ ಪತ್ರಿಕೆಗೆ ಬರೆಯುತ್ತಲೇ ಇದ್ದಾನೆ. ನಾನು ಶುಕ್ರವಾರ ತಪ್ಪದೆ ಓದುತ್ತೇನೆ. ‘ಕೆಲವರು’ ಎಂಬ ಪದ ಈಗ ಬರುವುದಿಲ್ಲ.

ಶೋಕದ ವಾರ ಕಳೆದು ನಾನು ಮೊದಲ ಶನಿವಾರ ಪ್ರಾರ್ಥನಾಲಯಕ್ಕೆ ಹೋದೆ. ಎಲ್ಯಾಕಿಮ್ ಎದ್ದು ಹೊರಗೆ ಹೋದ. ನಮ್ಮಲ್ಲಿ ಬೇರೆ ಕೋಹೆನ್ ಇಲ್ಲ. ಹೆಂಡತಿ ಸತ್ತವನೆಂಬ ಕನಿಕರಕ್ಕೆ ಪೆಸಾಖ್ ನನ್ನ ಕಡೆ ನೋಡಿದ. ಇಂಥ ಹೊತ್ತಿಗೆ ಕೂಗಲು ಶಾಸ್ತ್ರದಲ್ಲಿ ಒಂದು ಮಾತಿದೆ, ಎಲ್ಲ ಪ್ರಾರ್ಥನಾಲಯಗಳಲ್ಲೂ ಅದನ್ನೇ ಕೂಗುವುದು. ಪೆಸಾಖ್ ರಾಗವಾಗಿ ಕೂಗಿದ:

“ಇಲ್ಲಿ ಕೋಹೆನ್ ಇಲ್ಲ! ಕೋಹೆನನ ಬದಲಿಗೆ, ಮೋರ್ದಖೈಯ ಮಗ ಝೆಲಿಗ್ ಎದ್ದು ಬರಲಿ!”

ಜೀವನದಲ್ಲಿ ಮೊದಲ ಸಲ ಮೊದಲ ಕರೆ ನನಗೆ. ಪಕ್ಕದವನು “ಹೋಗಯ್ಯಾ, ನಿನ್ನನ್ನೇ ಕರೀತಿರೋದು” ಎಂದು ತಿವಿದ. ನನ್ನನ್ನೇ ಕರೆಯುತ್ತಿದ್ದುದು, ಅದರಲ್ಲಿ ಅನುಮಾನವಿರಲಿಲ್ಲ. ಮದುವೆಯ ದಿನದಿಂದ ನಾನು ಏನಾಗಿದ್ದೆನೋ ಅದನ್ನೇ ಪೆಸಾಖ್ ಊರಿನವರೆಲ್ಲರ ಮುಂದೆ ರಾಗವಾಗಿ ಕೂಗಿದ್ದ. ಹತ್ತಿದೆ. ಸುರುಳಿಯ ಅಂಚು ಮುಟ್ಟಿ ಮಂತ್ರ ಶುರುಮಾಡಿದೆ. ಕೊನೆಯ ಪದಕ್ಕೆ ತಡವರಿಸುತ್ತಿದ್ದಾಗ, ಓಣಿಯ ಕಡೆಯಿಂದ ಗಟ್ಟಿಯಾಗಿ ‘ಆಮೆನ್’ ಕೇಳಿಸಿತು. ನಾನಿನ್ನೂ ಮುಗಿಸಿರಲಿಲ್ಲ. ಅಲ್ಲೂ ಅವನೇ ಮೊದಲು.